ಸ್ಟ್ರಿಂಗ್‌ನಲ್ಲಿ ಬಿದ್ದ ಬ್ಯಾಕ್‌ಸ್ಲ್ಯಾಶ್ ಗಂಟು: ಎಸ್ಕೇಪ್ ಆದ ಅಕ್ಷರಗಳನ್ನು ಬಿಡಿಸುವ ಕ್ರಮ

"ಡೇಟಾದಲ್ಲಿ 'ಕನ್ನಡ' ಅಂತ ಇರಬೇಕಾದ ಕಡೆ \ಯು0ಸಿ95\ಯು0ಸಿಎ8\ಯು0ಸಿಸಿಡಿ\ಯು0ಸಿಎ8\ಯು0ಸಿಎ1 ಅಂತ ಬರುತ್ತಿದೆ. ಇದನ್ನು ಅಕ್ಷರ ಮಾಡುವುದು ಹೇಗೆ?" ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಕೆಲವರಿಗೆ \ಎನ್ ಕಾಟ, ಕೆಲವರಿಗೆ ಖಾಲಿ ಜಾಗದ ಬದಲು ಬರುವ %20 ಕಾಟ. ಹೆಚ್ಚಿನವರು ಎಲ್ಲೋ ಸಿಕ್ಕ ಒಂದು ಸಾಲಿನ ಕೋಡ್ ಹಾಕುತ್ತಾರೆ. ಮೊದಲ ಹತ್ತು ಸಾಲು ಸರಿಯಾಗಿ ಕಾಣುತ್ತದೆ, ಹನ್ನೊಂದನೆಯದು ಕೆಡುತ್ತದೆ. ಹಾಗಾಗಿ ಇದನ್ನು ಬುಡದಿಂದ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಕೋಡ್‌ನಲ್ಲಿ ಬರುವ ಇಂಗ್ಲಿಷ್ ಅಕ್ಷರಗಳನ್ನೂ ಹೆಸರುಗಳನ್ನೂ ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. \ಎನ್ ಅಂದರೆ ಬ್ಯಾಕ್‌ಸ್ಲ್ಯಾಶ್, ಅದರ ಪಕ್ಕ ಎನ್ ಅಕ್ಷರ, ಒಟ್ಟು ಎರಡೇ ಅಕ್ಷರ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವನ್ನೇ ಹಾಕಿ.

ಎಸ್ಕೇಪ್ ಅಂದರೇನು? ನೇರವಾಗಿ ಬರೆಯಲು ಆಗದ ಅಕ್ಷರವನ್ನು ಬರೆಯಬಲ್ಲ ಅಕ್ಷರಗಳ ಗುಂಪಿನಿಂದ ಸೂಚಿಸುವುದು. ಸ್ಟ್ರಿಂಗ್, ಅಂದರೆ ಕೋಡ್ ಒಳಗಿನ ಪಠ್ಯ, ಉದ್ಧರಣ ಚಿಹ್ನೆಯಿಂದ ಶುರುವಾಗಿ ಉದ್ಧರಣ ಚಿಹ್ನೆಯಲ್ಲಿ ಮುಗಿಯುತ್ತದೆ. ಅದರ ಒಳಗೇ ಒಂದು ಉದ್ಧರಣ ಚಿಹ್ನೆ ಬೇಕಾದರೆ? ಅದರ ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕಿ \" ಎಂದು ಬರೆಯುತ್ತೇವೆ. "ಇದು ಮುಕ್ತಾಯ ಅಲ್ಲ, ಪಠ್ಯದ ಭಾಗ" ಎಂದು ಓದುವ ಪ್ರೋಗ್ರಾಂಗೆ ಗೊತ್ತಾಗುತ್ತದೆ. ಹೊಸ ಸಾಲಿಗೆ \ಎನ್, ಟ್ಯಾಬ್‌ಗೆ \ಟಿ, ಇವೂ ಹೀಗೇ. ಇನ್ನೊಂದು ಕಾರಣ ಆಸ್ಕಿ. ಇದು 128 ಚಿಹ್ನೆಗಳ ಹಳೆಯ ಪಟ್ಟಿ, ಇದರಲ್ಲಿ ಕನ್ನಡ ಇಲ್ಲ. ಆಸ್ಕಿ ಮಾತ್ರ ಸಾಗುವ ದಾರಿಯಲ್ಲಿ ಕನ್ನಡ ಕಳಿಸಬೇಕಾದರೆ ಅದನ್ನು ಸಂಖ್ಯೆ ಮಾಡಿ ಕಳಿಸಬೇಕಾಗುತ್ತದೆ.

ಇಷ್ಟರಿಂದಲೇ ಒಂದು ವಿಷಯ ಸ್ಪಷ್ಟವಾಗುತ್ತದೆ. ಗಂಟು ಹಾಕಿದವರು ಯಾರು, ಯಾವ ನಿಯಮದಲ್ಲಿ ಹಾಕಿದರು ಎಂದು ಗೊತ್ತಾದರೆ ಬಿಡಿಸುವುದು ಸುಲಭ. ಗೊತ್ತಿಲ್ಲದೆ ಎಳೆದರೆ ಗಂಟು ಇನ್ನೂ ಬಿಗಿಯಾಗುತ್ತದೆ. ಮುಂದಿನ ಹಂತಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಬೇಕಾದದ್ದು ಜಾಸ್ತಿ ಏನಿಲ್ಲ. ತೊಂದರೆ ಕೊಡುತ್ತಿರುವ ಸ್ಟ್ರಿಂಗ್‌ನ ಒಂದು ಮಾದರಿ, ಅದು ಎಲ್ಲಿಂದ ಬಂತು ಎಂಬ ಮಾಹಿತಿ, ನಿಮ್ಮ ಭಾಷೆಯ ಕನ್ಸೋಲ್. ಮೂಲ ಡೇಟಾದ ಒಂದು ಪ್ರತಿಯನ್ನು ಬೇರೆ ಕಡೆ ಎತ್ತಿಡಿ. ತಪ್ಪಾಗಿ ಬಿಡಿಸಿದ್ದನ್ನು ಎಷ್ಟೋ ಸಲ ಹಿಂದಕ್ಕೆ ತರಲು ಆಗುವುದಿಲ್ಲ.

ಹಂತ 1: ಎಸ್ಕೇಪ್ ನಿಜವಾಗಿ ಇದೆಯಾ, ಸುಮ್ನೆ ಹಾಗೆ ಕಾಣುತ್ತಿದೆಯಾ?

ನನಗೆ ಬರುವ ಪ್ರಶ್ನೆಗಳಲ್ಲಿ ಬಹಳಷ್ಟು ಇಲ್ಲೇ ಮುಗಿಯುತ್ತವೆ. ಸ್ಟ್ರಿಂಗ್‌ನಲ್ಲಿ ಏನಿದೆ ಎನ್ನುವುದು ಬೇರೆ, ಪರದೆ ಅದನ್ನು ಹೇಗೆ ತೋರಿಸುತ್ತದೆ ಎನ್ನುವುದು ಬೇರೆ. ಪೈಥಾನ್‌ನಲ್ಲಿ ಒಂದು ಲಿಸ್ಟ್ ಪ್ರಿಂಟ್ ಮಾಡಿ. ಒಳಗಿನ ಹೊಸ ಸಾಲು \ಎನ್ ಎಂದು ಕಾಣುತ್ತದೆ. ಅದೇ ಸ್ಟ್ರಿಂಗ್ ಒಂದನ್ನೇ ಪ್ರಿಂಟ್ ಮಾಡಿದರೆ ಸಾಲು ಸರಿಯಾಗಿ ಮುರಿಯುತ್ತದೆ. ಲಿಸ್ಟ್ ತೋರಿಸುವಾಗ ಪೈಥಾನ್ ಪ್ರೋಗ್ರಾಮರ್‌ಗೆ ಅನುಕೂಲವಾಗಲಿ ಎಂದು ಎಸ್ಕೇಪ್ ರೂಪ ಕೊಡುತ್ತದೆ, ಅಷ್ಟೇ. ಬಿಡಿಸಲು ಅಲ್ಲಿ ಗಂಟೇ ಇಲ್ಲ.

ಪರೀಕ್ಷೆ ಮಾಡುವುದು ಸುಲಭ. ಸ್ಟ್ರಿಂಗ್‌ನ ಉದ್ದ ನೋಡಿ. \ಯು0ಸಿ95 ಎಂದು ಕಾಣುವ ಸ್ಟ್ರಿಂಗ್‌ನ ಉದ್ದ 1 ಬಂದರೆ ಒಳಗೆ 'ಕ' ಆಗಲೇ ಇದೆ, ಏನೂ ಮಾಡಬೇಡಿ. ಉದ್ದ 6 ಬಂದರೆ ಬ್ಯಾಕ್‌ಸ್ಲ್ಯಾಶ್, ಯು, ಸೊನ್ನೆ, ಸಿ, ಒಂಬತ್ತು, ಐದು ಎಂದು ಆರು ಅಕ್ಷರ ನಿಜಕ್ಕೂ ಕೂತಿವೆ. ಆಗ ಮುಂದಿನ ಹಂತಕ್ಕೆ ಬನ್ನಿ.

ಫೈಲನ್ನು ಎಡಿಟರ್‌ನಲ್ಲಿ ತೆರೆದಾಗ ಕಾಣುವ ಎಸ್ಕೇಪ್ ಕೂಡ ತೊಂದರೆಯೇನಲ್ಲ. ಜೆಸನ್ ಎಂದರೆ ಡೇಟಾವನ್ನು ಪಠ್ಯವಾಗಿ ಬರೆದಿಡುವ ಒಂದು ರೂಪ. ಜೆಸನ್ ಫೈಲ್‌ನಲ್ಲಿ \ಯು0ಸಿ95 ಎಂದಿರುವುದಕ್ಕೂ ನೇರವಾಗಿ 'ಕ' ಎಂದಿರುವುದಕ್ಕೂ ಅರ್ಥ ಒಂದೇ. ಜೆಸನ್ ಪಾರ್ಸರ್, ಅಂದರೆ ಆ ಪಠ್ಯವನ್ನು ಓದಿ ಡೇಟಾ ಮಾಡಿಕೊಡುವ ಲೈಬ್ರರಿ, ತಾನೇ ಬಿಡಿಸುತ್ತದೆ. ಪಾರ್ಸರ್‌ಗೆ ಕೊಡುವ ಮುಂಚೆ ನೀವೇ ಬಿಡಿಸಲು ಹೋದರೆ \" ಎಂಬುದು ಬರೀ ಉದ್ಧರಣ ಚಿಹ್ನೆ ಆಗಿ, ಸ್ಟ್ರಿಂಗ್ ಅರ್ಧಕ್ಕೇ ಮುಗಿದು, ಪಾರ್ಸರ್ ದೋಷ ತೋರಿಸುತ್ತದೆ.

ಹಂತ 2: ಯಾವ ಬಗೆಯ ಗಂಟು ಎಂದು ಗುರುತಿಸಿ

'ಕ' ಎಂಬ ಒಂದೇ ಅಕ್ಷರ ಎಷ್ಟು ವೇಷ ಹಾಕುತ್ತದೆ ನೋಡಿ. ಯುನಿಕೋಡ್ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟಿದೆ, ಅದಕ್ಕೆ ಕೋಡ್ ಪಾಯಿಂಟ್ ಎಂದು ಹೆಸರು. 'ಕ'ದ ಕೋಡ್ ಪಾಯಿಂಟ್ 3221. ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿ, ಅದೇ ಸಂಖ್ಯೆ 0ಸಿ95.

ಜೆಸನ್, ಜಾವಾಸ್ಕ್ರಿಪ್ಟ್, ಪೈಥಾನ್, ಜಾವಾ ಕೋಡ್‌ನಲ್ಲಿ ಇದು \ಯು0ಸಿ95. ವೆಬ್ ಪುಟದ ಎಚ್‌ಟಿಎಂಎಲ್‌ನಲ್ಲಿ ಕ ಅಥವಾ &#ಎಕ್ಸ್0ಸಿ95;. ವೆಬ್ ವಿಳಾಸದಲ್ಲಿ %ಇ0%ಬಿ2%95. ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್ ತೋರಿಸುವ ಫೈಲ್ ಹೆಸರಿನಲ್ಲಿ \340\262\225.

ಕೊನೆಯ ಎರಡರಲ್ಲಿ ಒಂದು ಅಕ್ಷರಕ್ಕೆ ಮೂರು ತುಂಡು ಇದೆ, ಗಮನಿಸಿದಿರಾ? ಅಲ್ಲಿರುವುದು ಕೋಡ್ ಪಾಯಿಂಟ್ ಅಲ್ಲ, ಬೈಟ್, ಅಂದರೆ ಕಂಪ್ಯೂಟರ್ ಡೇಟಾ ಉಳಿಸಿಡುವ ಚಿಕ್ಕ ತುಂಡು. ಯುಟಿಎಫ್-8 ಎಂಬ ಕ್ರಮದಲ್ಲಿ ಪ್ರತಿ ಕನ್ನಡ ಕೋಡ್ ಪಾಯಿಂಟ್‌ಗೂ ಮೂರು ಬೈಟ್ ಬೇಕು. ಆ ಮೂರನ್ನೂ ಬೇರೆ ಬೇರೆಯಾಗಿ ಬರೆದಿದ್ದಾರೆ, ಒಂದು ಕಡೆ ಹೆಕ್ಸ್‌ನಲ್ಲಿ, ಇನ್ನೊಂದು ಕಡೆ ಎಂಟರ ಎಣಿಕೆಯಲ್ಲಿ. ಈ ವ್ಯತ್ಯಾಸ ನೆನಪಿನಲ್ಲಿರಲಿ, 5ನೇ ಹಂತದಲ್ಲಿ ಬೇಕಾಗುತ್ತದೆ.

ಹಂತ 3: ಆ ಗಂಟಿಗೆಂದೇ ಇರುವ ಸಾಧನ ಬಳಸಿ

ಜೆಸನ್‌ಗೆ ಪೈಥಾನ್‌ನಲ್ಲಿ ಜೆಸನ್.ಲೋಡ್ಸ್, ಜಾವಾಸ್ಕ್ರಿಪ್ಟ್‌ನಲ್ಲಿ ಜೆಸನ್.ಪಾರ್ಸ್. ಎಚ್‌ಟಿಎಂಎಲ್‌ಗೆ ಪೈಥಾನ್‌ನ ಎಚ್‌ಟಿಎಂಎಲ್.ಅನ್‌ಎಸ್ಕೇಪ್, ಪಿಎಚ್‌ಪಿಯಲ್ಲಿ ಎಚ್‌ಟಿಎಂಎಲ್_ಎಂಟಿಟಿ_ಡಿಕೋಡ್. ವೆಬ್ ವಿಳಾಸಕ್ಕೆ ಜಾವಾಸ್ಕ್ರಿಪ್ಟ್‌ನ ಡಿಕೋಡ್‌ಯುಆರ್‌ಐಕಾಂಪೊನೆಂಟ್, ಪೈಥಾನ್‌ನ ಅನ್‌ಕೋಟ್. ಜಾವಾಸ್ಕ್ರಿಪ್ಟ್‌ನಲ್ಲಿ ಸುಮ್ನೆ ಅನ್‌ಎಸ್ಕೇಪ್ ಎಂಬ ಹಳೆಯ ಫಂಕ್ಷನ್ ಕೂಡ ಇದೆ. ಅದನ್ನು ಬಳಸಬೇಡಿ. ಅದು ಪ್ರತಿ ಬೈಟನ್ನೂ ಒಂದೊಂದು ಅಕ್ಷರ ಎಂದು ತಿಳಿಯುತ್ತದೆ, ಕನ್ನಡ ಪೂರ್ತಿ ಕೆಡುತ್ತದೆ.

ವೆಬ್ ವಿಳಾಸದಲ್ಲಿ ಕೂಡು ಚಿಹ್ನೆಯ ಬಗ್ಗೆ ಹುಷಾರಾಗಿರಿ. ಫಾರ್ಮ್ ಡೇಟಾದಲ್ಲಿ + ಎಂದರೆ ಖಾಲಿ ಜಾಗ, ವಿಳಾಸದ ದಾರಿ ಭಾಗದಲ್ಲಿ + ಎಂದರೆ + ಮಾತ್ರ. ಪೈಥಾನ್‌ನಲ್ಲಿ ಅನ್‌ಕೋಟ್ ಮತ್ತು ಅನ್‌ಕೋಟ್_ಪ್ಲಸ್ ಎಂದು ಎರಡು ಇರುವುದು ಇದಕ್ಕೇ.

ಜಾವಾ 15ರಲ್ಲಿ ಸ್ಟ್ರಿಂಗ್‌ಗೆ ಟ್ರಾನ್ಸ್‌ಲೇಟ್‌ಎಸ್ಕೇಪ್ಸ್ ಎಂಬ ಮೆಥಡ್ ಬಂತು. ಅದು \ಎನ್, \ಟಿ ಬಿಡಿಸುತ್ತದೆ, ಆದರೆ \ಯು ಮುಟ್ಟುವುದಿಲ್ಲ. ಇದು ಗೊತ್ತಿಲ್ಲದೆ ಗಂಟೆಗಟ್ಟಲೆ ಕಳೆದವರು ನನಗೆ ಬರೆದಿದ್ದಾರೆ.

ಪೈಥಾನ್‌ನಲ್ಲಿ ಇದಕ್ಕಿಂತ ದೊಡ್ಡ ಹಳ್ಳ ಒಂದಿದೆ. ಸ್ಟ್ರಿಂಗನ್ನು ಎನ್‌ಕೋಡ್ ಮಾಡಿ, ಅಂದರೆ ಬೈಟ್‌ಗಳಾಗಿಸಿ, ಯುನಿಕೋಡ್_ಎಸ್ಕೇಪ್ ಎಂದು ಡಿಕೋಡ್ ಮಾಡಿ ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಪೂರ್ತಿ ಆಸ್ಕಿ ಇರುವ ಸ್ಟ್ರಿಂಗ್‌ನಲ್ಲಿ ಅದು ಕೆಲಸ ಮಾಡುತ್ತದೆ. ಆದರೆ ಸ್ಟ್ರಿಂಗ್‌ನಲ್ಲಿ ಒಂದು \ಎನ್ ಜೊತೆಗೆ ನಿಜವಾದ 'ಕ' ಕೂಡ ಇದ್ದರೆ ಕಥೆ ಮುಗಿಯಿತು. ಯುನಿಕೋಡ್_ಎಸ್ಕೇಪ್ ಎಸ್ಕೇಪ್ ಅಲ್ಲದ ಬೈಟ್‌ಗಳನ್ನು ಲ್ಯಾಟಿನ್-1 ಎಂಬ ಯುರೋಪಿನ ಅಕ್ಷರ ಪಟ್ಟಿಯ ಪ್ರಕಾರ ಓದುತ್ತದೆ. 'ಕ'ದ ಮೂರು ಬೈಟ್ ಮೂರು ಬೇರೆ ಅಕ್ಷರ ಆಗುತ್ತವೆ: ತಲೆ ಮೇಲೆ ಗೆರೆ ಇರುವ ಇಂಗ್ಲಿಷ್ ಎ, ಮೇಲಕ್ಕೆ ಏರಿ ಕೂತ ಚಿಕ್ಕ 2, ಆಮೇಲೆ ಕಣ್ಣಿಗೆ ಕಾಣದ ಒಂದು ನಿಯಂತ್ರಣ ಅಕ್ಷರ. ನಿಮ್ಮ ಪರದೆಯಲ್ಲಿ ಗೆರೆ ಇರುವ ಎ ಸಾಲುಸಾಲಾಗಿ ಕಂಡರೆ ಯುಟಿಎಫ್-8 ಬೈಟ್‌ಗಳನ್ನು ಯಾರೋ ಹೀಗೆ ತಪ್ಪು ಪಟ್ಟಿಯಲ್ಲಿ ಓದಿದ್ದಾರೆ ಎಂದೇ ತಿಳಿಯಿರಿ.

ಈ ದಾರಿಯೇ ಬೇಕು ಎಂದಾದರೆ ಎನ್‌ಕೋಡ್ ಮಾಡುವಾಗ ಲ್ಯಾಟಿನ್-1 ಮತ್ತು ಬ್ಯಾಕ್‌ಸ್ಲ್ಯಾಶ್‌ರಿಪ್ಲೇಸ್ ಎರಡನ್ನೂ ಕೊಡಿ. ಆಗ ಕನ್ನಡ ಅಕ್ಷರಗಳು ಮೊದಲು \ಯು ರೂಪಕ್ಕೆ ಹೋಗಿ, ಮತ್ತೆ ಸರಿಯಾಗಿ ವಾಪಸ್ ಬರುತ್ತವೆ.

ಎವಾಲ್ ಬಳಸಿ ಬಿಡಿಸುವವರೂ ಇದ್ದಾರೆ. ಎವಾಲ್ ಅಂದರೆ ಕೊಟ್ಟ ಪಠ್ಯವನ್ನು ಕೋಡ್ ಎಂದು ಓಡಿಸುವ ಫಂಕ್ಷನ್. ಹೊರಗಿನಿಂದ ಬಂದ ಸ್ಟ್ರಿಂಗನ್ನು ಅದಕ್ಕೆ ಕೊಡುವುದು ಮನೆ ಕೀಲಿಯನ್ನು ಬೀದಿಯಲ್ಲಿಟ್ಟ ಹಾಗೆ. ದಯವಿಟ್ಟು ಮಾಡಬೇಡಿ. ಅದು ಪೈಥಾನ್ ಲಿಟರಲ್, ಅಂದರೆ ಕೋಡ್‌ನಲ್ಲಿ ನೇರವಾಗಿ ಬರೆಯುವ ಸ್ಟ್ರಿಂಗ್, ಸಂಖ್ಯೆ ಮುಂತಾದದ್ದು ಎಂದು ಖಾತ್ರಿ ಇದ್ದರೆ ಎಎಸ್‌ಟಿ.ಲಿಟರಲ್_ಎವಾಲ್ ಇದೆ, ಅದು ಯಾವ ಕೋಡನ್ನೂ ಓಡಿಸುವುದಿಲ್ಲ.

ಹಂತ 4: ನೀವೇ ಬರೆಯುವುದಾದರೆ, ಎಡದಿಂದ ಬಲಕ್ಕೆ ಒಂದೇ ಸಲ

ಸಿದ್ಧ ಸಾಧನ ಇಲ್ಲದ ಕಡೆ ಕೈಯಲ್ಲೇ ಬರೆಯಬೇಕಾಗುತ್ತದೆ. ಎಲ್ಲರೂ ಮೊದಲು ಮಾಡುವುದು ಸಾಲಾಗಿ ರಿಪ್ಲೇಸ್ ಹಾಕುವುದು. \ಎನ್ ಇದ್ದಲ್ಲಿ ಹೊಸ ಸಾಲು, \\ ಇದ್ದಲ್ಲಿ ಒಂದೇ \. ನೋಡಲು ಸರಿ ಅನ್ನಿಸುತ್ತದೆ, ಅಲ್ವಾ? ಒಂದು ಉದಾಹರಣೆ ಹತ್ತಿರದಿಂದ ನೋಡೋಣ.

ಬಂದಿರುವ ಸ್ಟ್ರಿಂಗ್ \\ಎನ್ ಎಂದಿಟ್ಟುಕೊಳ್ಳಿ, ಮೂರು ಅಕ್ಷರ. ಕಳಿಸಿದವರ ಮನಸ್ಸಿನಲ್ಲಿ ಇದ್ದದ್ದು ಒಂದು ಬ್ಯಾಕ್‌ಸ್ಲ್ಯಾಶ್, ಆಮೇಲೆ ಎನ್ ಅಕ್ಷರ. ಹೊಸ ಸಾಲು ಅಲ್ಲ. ಈಗ ಮೊದಲು \ಎನ್ ರಿಪ್ಲೇಸ್ ಮಾಡಿದರೆ ಎರಡನೇ ಮತ್ತು ಮೂರನೇ ಅಕ್ಷರ ಸೇರಿ ಹೊಸ ಸಾಲು ಆಗಿಬಿಡುತ್ತದೆ. ಉಳಿಯುವುದು ಬ್ಯಾಕ್‌ಸ್ಲ್ಯಾಶ್ ಮತ್ತು ಹೊಸ ಸಾಲು. ತಪ್ಪು. ಸರಿ, ಕ್ರಮ ತಿರುಗಿಸೋಣ. ಮೊದಲು \\ ಅನ್ನು \ ಮಾಡಿದರೆ \ಎನ್ ಸಿಗುತ್ತದೆ, ಮುಂದಿನ ರಿಪ್ಲೇಸ್ ಅದನ್ನೂ ಹೊಸ ಸಾಲು ಮಾಡುತ್ತದೆ. ಇದೂ ತಪ್ಪು. ಯಾವ ಕ್ರಮದಲ್ಲಿ ಹಾಕಿದರೂ ಸರಿಹೋಗುವುದಿಲ್ಲ, ಯಾಕೆಂದರೆ ಒಂದು ರಿಪ್ಲೇಸ್ ಬಿಡಿಸಿದ್ದನ್ನು ಇನ್ನೊಂದು ಮತ್ತೆ ಮುಟ್ಟುತ್ತದೆ.

ಸರಿಯಾದ ದಾರಿ ಇದು. ಎಡತುದಿಯಿಂದ ಒಂದೊಂದೇ ಅಕ್ಷರ ಓದಿ. ಬ್ಯಾಕ್‌ಸ್ಲ್ಯಾಶ್ ಅಲ್ಲದಿದ್ದರೆ ಹಾಗೇ ಫಲಿತಾಂಶಕ್ಕೆ ಸೇರಿಸಿ. ಬ್ಯಾಕ್‌ಸ್ಲ್ಯಾಶ್ ಸಿಕ್ಕರೆ ಅದರ ಮುಂದಿನ ಅಕ್ಷರ ನೋಡಿ. ಎನ್ ಇದ್ದರೆ ಹೊಸ ಸಾಲು ಸೇರಿಸಿ, ಟಿ ಇದ್ದರೆ ಟ್ಯಾಬ್, ಇನ್ನೊಂದು ಬ್ಯಾಕ್‌ಸ್ಲ್ಯಾಶ್ ಇದ್ದರೆ ಒಂದು ಬ್ಯಾಕ್‌ಸ್ಲ್ಯಾಶ್. ಯು ಇದ್ದರೆ ಮುಂದಿನ ನಾಲ್ಕು ಹೆಕ್ಸ್ ಅಂಕೆ ತೆಗೆದುಕೊಂಡು ಸಂಖ್ಯೆ ಮಾಡಿ. ಆಮೇಲೆ ನೋಡಿದಷ್ಟನ್ನೂ ದಾಟಿ ಮುಂದೆ ಹೋಗಿ, ತಿರುಗಿ ಹಿಂದಕ್ಕೆ ಬರಬೇಡಿ. \\ಎನ್ ಈಗ ಸರಿಯಾಗುತ್ತದೆ. ಮೊದಲ ಎರಡು ಒಟ್ಟಿಗೆ ಖರ್ಚಾಗುತ್ತವೆ, ಎನ್ ಒಂಟಿಯಾಗಿ ಉಳಿಯುತ್ತದೆ.

ರೆಗ್ಯುಲರ್ ಎಕ್ಸ್‌ಪ್ರೆಶನ್ ಇಷ್ಟಪಡುವವರು ಇದನ್ನೇ ಚಿಕ್ಕದಾಗಿ ಬರೆಯಬಹುದು. ಬ್ಯಾಕ್‌ಸ್ಲ್ಯಾಶ್ ಆದ ಮೇಲೆ "ಯು ಮತ್ತು ನಾಲ್ಕು ಹೆಕ್ಸ್ ಅಂಕೆ, ಇಲ್ಲವೇ ಯಾವುದಾದರೂ ಒಂದು ಅಕ್ಷರ" ಎಂಬ ಒಂದೇ ಮಾದರಿ ಕೊಡಿ. ಬದಲಿಗೆ ಹಾಕುವ ಪಠ್ಯದ ಜಾಗದಲ್ಲಿ ಒಂದು ಫಂಕ್ಷನ್ ಕೊಡಿ. ಒಂದೇ ಓಟದಲ್ಲಿ ಕೆಲಸ ಮುಗಿಯುತ್ತದೆ.

ಗೊತ್ತಿಲ್ಲದ ಎಸ್ಕೇಪ್ ಬಂದರೆ? ಇಲ್ಲಿ ಭಾಷೆಗಳಲ್ಲಿ ಒಮ್ಮತ ಇಲ್ಲ. \ಕ್ಯು ಎಂದು ಬರೆದರೆ ಜಾವಾಸ್ಕ್ರಿಪ್ಟ್ ಬ್ಯಾಕ್‌ಸ್ಲ್ಯಾಶ್ ಬಿಟ್ಟು ಬರೀ ಕ್ಯು ಉಳಿಸುತ್ತದೆ. ಪೈಥಾನ್ ಎರಡನ್ನೂ ಉಳಿಸುತ್ತದೆ, 3.12ರಿಂದ ಕಣ್ಣಿಗೆ ಬೀಳುವಂತೆ ಎಚ್ಚರಿಕೆಯನ್ನೂ ಕೊಡುತ್ತದೆ. ಜೆಸನ್ ಪ್ರಕಾರ ಅದು ತಪ್ಪು. ಅಲ್ಲಿ \" \\ \/ ಮತ್ತು ಬಿ, ಎಫ್, ಎನ್, ಆರ್, ಟಿ, ಯು ಇಷ್ಟೇ ಒಪ್ಪಿಗೆ. \ಎಕ್ಸ್ ಇಲ್ಲ, ಒಂಟಿ ಉದ್ಧರಣ ಚಿಹ್ನೆಗೂ ಎಸ್ಕೇಪ್ ಇಲ್ಲ. ನಿಮ್ಮ ಡೇಟಾ ಯಾರ ನಿಯಮದ್ದೋ ಅವರ ನಡವಳಿಕೆಯನ್ನೇ ಅನುಸರಿಸಿ. ಗೊತ್ತಿಲ್ಲದಿದ್ದರೆ ದೋಷ ತೋರಿಸಿ ನಿಲ್ಲಿಸುವುದೇ ಮೇಲು ಎಂದು ನನ್ನ ಅಭಿಪ್ರಾಯ. ಸ್ಟ್ರಿಂಗ್‌ನ ಕೊನೆಯಲ್ಲಿ ಒಂಟಿ ಬ್ಯಾಕ್‌ಸ್ಲ್ಯಾಶ್ ಸಿಕ್ಕರೂ ಅಷ್ಟೇ, ಡೇಟಾ ಅರ್ಧಕ್ಕೆ ತುಂಡಾಗಿರುವ ಸಾಧ್ಯತೆ ಜಾಸ್ತಿ.

\ಎಕ್ಸ್ ವಿಷಯದಲ್ಲಿ ಸಿ ಭಾಷೆಯದು ಬೇರೆಯೇ ರೀತಿ. ಪೈಥಾನ್, ಜಾವಾಸ್ಕ್ರಿಪ್ಟ್ ಸರಿಯಾಗಿ ಎರಡು ಹೆಕ್ಸ್ ಅಂಕೆ ತೆಗೆದುಕೊಳ್ಳುತ್ತವೆ. ಸಿ ಭಾಷೆ ಹೆಕ್ಸ್ ಅಂಕೆ ಸಿಗುವವರೆಗೂ ಎಳೆದುಕೊಳ್ಳುತ್ತಲೇ ಹೋಗುತ್ತದೆ. \ಎಕ್ಸ್41 ಆದ ಮೇಲೆ ಪಠ್ಯದ 5 ಬಂದರೆ ಅದು 415 ಎಂದೇ ಓದುತ್ತದೆ.

ಹಂತ 5: ಜೋಡಿಯಾಗಿ ಬರುವುದನ್ನು ಜೋಡಿಯಾಗಿಯೇ ಬಿಡಿಸಿ

ಮೊದಲು ಬೈಟ್‌ಗಳ ವಿಷಯ. \340\262\225 ಎಂಬಲ್ಲಿ ಒಂದೊಂದು ತುಂಡನ್ನೂ ಅಕ್ಷರ ಮಾಡಬೇಡಿ. ಮೂರನ್ನೂ ಬೈಟ್‌ಗಳಾಗಿ ಒಂದು ಕಡೆ ಕೂಡಿಡಿ: 224, 178, 149. ಎಲ್ಲ ಸೇರಿದ ಮೇಲೆ ಒಟ್ಟಿಗೆ ಯುಟಿಎಫ್-8 ಎಂದು ಓದಿ. ಆಗ 'ಕ' ಬರುತ್ತದೆ. ಡೇಟಾ ತುಂಡು ತುಂಡಾಗಿ ಬರುತ್ತಿದ್ದರೆ ಒಂದು ಅಕ್ಷರದ ಮಧ್ಯದಲ್ಲೇ ತುಂಡು ಬೀಳಬಹುದು, ಉಳಿದ ಬೈಟ್ ಬರುವವರೆಗೆ ಕಾಯಿರಿ.

ಇನ್ನು ಎಮೋಜಿ. \ಯು ನಂತರ ನಾಲ್ಕೇ ಹೆಕ್ಸ್ ಅಂಕೆ ಹಿಡಿಯುತ್ತದೆ, ಅಂದರೆ ಹೆಚ್ಚೆಂದರೆ 65535. ನಗುವ ಮುಖ 😀 ಇದರ ಸಂಖ್ಯೆ 128512. ಹಾಗಾಗಿ ಅದನ್ನು ಎರಡು ತುಂಡು ಮಾಡಿ ಕಳಿಸುತ್ತಾರೆ: \ಯುಡಿ83ಡಿ\ಯುಡಿಇ00. ಇದಕ್ಕೆ ಸರೋಗೇಟ್ ಜೋಡಿ ಎಂದು ಹೆಸರು. ಲೆಕ್ಕ ಹೀಗಿದೆ. 128512ರಿಂದ 65536 ಕಳೆಯಿರಿ, 62976. ಅದನ್ನು 1024ರಿಂದ ಭಾಗಿಸಿ, ಭಾಗಲಬ್ಧ 61, ಶೇಷ 512. 61ಕ್ಕೆ 55296 ಕೂಡಿಸಿದರೆ ಮೊದಲ ತುಂಡು 55357. 512ಕ್ಕೆ 56320 ಕೂಡಿಸಿದರೆ ಎರಡನೆಯದು 56832. ಬಿಡಿಸುವಾಗ ಇದನ್ನೇ ಹಿಂದುಮುಂದು ಮಾಡಿ. 55296ರಿಂದ 56319ರ ಒಳಗಿನ ಸಂಖ್ಯೆ ಸಿಕ್ಕ ತಕ್ಷಣ ಮುಂದಿನ \ಯು ಕೂಡ ಓದಿ ಎರಡನ್ನೂ ಸೇರಿಸಿ.

ಜೆಸನ್.ಲೋಡ್ಸ್ ಇದನ್ನು ತಾನೇ ಮಾಡುತ್ತದೆ. ಪೈಥಾನ್‌ನ ಯುನಿಕೋಡ್_ಎಸ್ಕೇಪ್ ಮಾಡುವುದಿಲ್ಲ, ಎರಡು ಒಂಟಿ ತುಂಡು ಬಿಟ್ಟುಹೋಗುತ್ತದೆ. ತೊಂದರೆ ಆಗ ಕಾಣುವುದಿಲ್ಲ. ಮುಂದೆ ಎಲ್ಲೋ ಫೈಲಿಗೆ ಬರೆಯುವಾಗ ಪ್ರೋಗ್ರಾಂ ನಿಂತುಹೋಗುತ್ತದೆ.

ಹಂತ 6: ಎಷ್ಟು ಪದರ ಇದೆ ಎಂದು ಎಣಿಸಿ

ಜೆಸನ್ ಒಳಗೆ ಸ್ಟ್ರಿಂಗ್ ಆಗಿ ಇನ್ನೊಂದು ಜೆಸನ್, ಅದು ಲಾಗ್ ಫೈಲ್‌ನಲ್ಲಿ ಮತ್ತೆ ಜೆಸನ್. ಹೀಗೆ ಪದರ ಸೇರುತ್ತಾ ಹೋಗುತ್ತದೆ. ಎಷ್ಟು ಪದರ ಎಂದು ಬ್ಯಾಕ್‌ಸ್ಲ್ಯಾಶ್ ಎಣಿಸಿಯೇ ಹೇಳಬಹುದು. ಉದ್ಧರಣ ಚಿಹ್ನೆಯ ಮುಂದೆ ಒಂದು ಬ್ಯಾಕ್‌ಸ್ಲ್ಯಾಶ್ ಇದ್ದರೆ ಒಂದು ಪದರ, ಮೂರಿದ್ದರೆ ಎರಡು, ಏಳಿದ್ದರೆ ಮೂರು. ಪ್ರತಿ ಪದರದಲ್ಲೂ ಹಳೆಯ ಬ್ಯಾಕ್‌ಸ್ಲ್ಯಾಶ್ ಎರಡಾಗುತ್ತವೆ, ಚಿಹ್ನೆಗೆ ಹೊಸದೊಂದು ಸೇರುತ್ತದೆ. \ಯು ಮುಂದಿನ ಲೆಕ್ಕ 1, 2, 4 ಎಂದು ಹೋಗುತ್ತದೆ, ಯಾಕೆಂದರೆ ಅಲ್ಲಿ ಹೊಸದು ಸೇರುವುದಿಲ್ಲ.

ಎಷ್ಟು ಸಲ ಕಟ್ಟಿದ್ದಾರೋ ಅಷ್ಟೇ ಸಲ ಬಿಡಿಸಿ, ಕೊನೆಗೆ ಕಟ್ಟಿದ್ದನ್ನು ಮೊದಲು. "ಬದಲಾವಣೆ ನಿಲ್ಲುವವರೆಗೂ ಬಿಡಿಸುತ್ತಲೇ ಇರು" ಎಂದು ಲೂಪ್ ಹಾಕಬೇಡಿ. ಬಳಕೆದಾರರು ಬೇಕೆಂದೇ \ಎನ್ ಎಂದು ಬರೆದಿರಬಹುದು. ಈ ಲೇಖನವನ್ನೇ ಆ ಲೂಪ್‌ಗೆ ಹಾಕಿದರೆ ನಾನು ಕೊಟ್ಟ ಉದಾಹರಣೆಗಳೆಲ್ಲ ಮಾಯವಾಗುತ್ತವೆ.

ಭದ್ರತೆಗೂ ಇದು ಮುಖ್ಯ. %2527 ಎಂಬುದನ್ನು ನೋಡಿ. ಒಮ್ಮೆ ಬಿಡಿಸಿದರೆ %27, ಇನ್ನೊಮ್ಮೆ ಬಿಡಿಸಿದರೆ ಒಂಟಿ ಉದ್ಧರಣ ಚಿಹ್ನೆ. ನಿಮ್ಮ ತಪಾಸಣೆ ಮೊದಲ ಸಲದ ನಂತರ ಇದ್ದು, ಬೇರೆ ಯಾವುದೋ ಭಾಗ ಮತ್ತೊಮ್ಮೆ ಬಿಡಿಸಿದರೆ, ತಡೆಯಬೇಕಾದ ಅಕ್ಷರ ತಪಾಸಣೆ ದಾಟಿ ಒಳಗೆ ಬಂದಿರುತ್ತದೆ. ಪೂರ್ತಿ ಬಿಡಿಸಿ ಆದ ಮೇಲೆಯೇ ತಪಾಸಣೆ ಮಾಡಿ, ಆಮೇಲೆ ಮತ್ತೆ ಬಿಡಿಸಬೇಡಿ.

ಹಂತ 7: ಪರೀಕ್ಷಿಸಿ

ಸರಳ ಇಂಗ್ಲಿಷ್ ಪದದಿಂದ ಪರೀಕ್ಷಿಸಿದರೆ ಏನೂ ಗೊತ್ತಾಗುವುದಿಲ್ಲ. ಖಾಲಿ ಸ್ಟ್ರಿಂಗ್, ಒಂಟಿ ಬ್ಯಾಕ್‌ಸ್ಲ್ಯಾಶ್, \\ಎನ್, ನಿಜವಾದ ಹೊಸ ಸಾಲು, ಕನ್ನಡ ಮತ್ತು ಎಸ್ಕೇಪ್ ಬೆರೆತ ಸಾಲು, ಒಂದು ಎಮೋಜಿ, ಇಷ್ಟನ್ನೂ ಹಾಕಿ ನೋಡಿ. ಬಿಡಿಸಿದ್ದನ್ನು ಮತ್ತೆ ಕಟ್ಟಿ, ಮತ್ತೆ ಬಿಡಿಸಿ, ಎರಡು ಸಲವೂ ಬಿಡಿಸಿದ ರೂಪ ಒಂದೇ ಇದೆಯಾ ಎಂದು ಹೋಲಿಸಿ. ಕಟ್ಟಿದ ರೂಪಗಳನ್ನು ಹೋಲಿಸಬೇಡಿ. ಹೆಕ್ಸ್‌ನ ಸಿ ಒಬ್ಬರಲ್ಲಿ ದೊಡ್ಡಕ್ಷರ, ಇನ್ನೊಬ್ಬರಲ್ಲಿ ಚಿಕ್ಕಕ್ಷರ ಇರಬಹುದು, ಎರಡೂ ಸರಿ.

ಕನ್ನಡ ಪಠ್ಯದಲ್ಲಿ \ಯು200ಸಿ ಸಿಕ್ಕರೆ ಕಸ ಎಂದು ಅಳಿಸಬೇಡಿ. ಅದು ಅಕ್ಷರಗಳು ಒತ್ತಾಗಿ ಅಂಟಿಕೊಳ್ಳದ ಹಾಗೆ ತಡೆಯುವ, ಕಣ್ಣಿಗೆ ಕಾಣದ ಗುರುತು. "ಬ್ಯಾಕ್‌ಸ್ಲ್ಯಾಶ್" ಎಂಬ ಪದದಲ್ಲಿ ಅದನ್ನು ತೆಗೆದರೆ "ಬ್ಯಾಕ್ಸ್ಲ್ಯಾಶ್" ಆಗುತ್ತದೆ. ಪೈಥಾನ್ ಲಿಸ್ಟ್ ತೋರಿಸುವಾಗ ಕನ್ನಡವನ್ನು ಹಾಗೇ ತೋರಿಸಿ ಇದೊಂದನ್ನು ಮಾತ್ರ ಎಸ್ಕೇಪ್ ರೂಪದಲ್ಲಿ ತೋರಿಸುತ್ತದೆ. ಅದಕ್ಕೇ ಎಷ್ಟೋ ಜನ ಇದನ್ನು ದೋಷ ಎಂದುಕೊಳ್ಳುತ್ತಾರೆ.

ವಿಂಡೋಸ್ ದಾರಿಯ ತೊಂದರೆ

ಪ್ರಶ್ನೆಗಳಲ್ಲಿ ಇದೂ ಪದೇ ಪದೇ ಬರುತ್ತದೆ. ಪೈಥಾನ್ ಕೋಡ್‌ನಲ್ಲಿ ಸಿ:\ಯೂಸರ್ಸ್ ಎಂದು ಫೋಲ್ಡರ್ ದಾರಿ ಬರೆದರೆ ಪ್ರೋಗ್ರಾಂ ಓಡುವ ಮುಂಚೆಯೇ ಯುನಿಕೋಡ್ ದೋಷ ಬರುತ್ತದೆ. ಪೈಥಾನ್‌ನಲ್ಲಿ ದೊಡ್ಡಕ್ಷರದ \ಯು ಎಂದರೆ ಮುಂದೆ ಎಂಟು ಹೆಕ್ಸ್ ಅಂಕೆ ಬರಬೇಕು ಎಂದರ್ಥ. ಯೂಸರ್ಸ್ ಪದದಲ್ಲಿ ಅವು ಎಲ್ಲಿ ಸಿಗಬೇಕು? ಉದ್ಧರಣ ಚಿಹ್ನೆಯ ಮುಂದೆ ಆರ್ ಅಕ್ಷರ ಹಾಕಿ ರಾ ಸ್ಟ್ರಿಂಗ್ ಮಾಡಿ, ಅಂದರೆ ಎಸ್ಕೇಪ್ ಬಿಡಿಸದ ಸ್ಟ್ರಿಂಗ್. ಇಲ್ಲವೇ ಬ್ಯಾಕ್‌ಸ್ಲ್ಯಾಶ್ ಬದಲು / ಬಳಸಿ.

ಗಂಟೇ ಬೀಳದ ಹಾಗೆ ಮಾಡಬಹುದಾ?

ಕಳಿಸುವ ಕಡೆಯೂ ನಿಮ್ಮದೇ ಆಗಿದ್ದರೆ ಎಷ್ಟೋ ಸಲ ಸಾಧ್ಯ. ಪೈಥಾನ್‌ನ ಜೆಸನ್.ಡಂಪ್ಸ್ ಹೇಳದೇ ಇದ್ದರೆ ಆಸ್ಕಿ ಅಲ್ಲದ್ದನ್ನೆಲ್ಲ \ಯು ಮಾಡುತ್ತದೆ. ಎನ್ಶೂರ್_ಆಸ್ಕಿ ಎಂಬುದಕ್ಕೆ ಫಾಲ್ಸ್ ಕೊಟ್ಟರೆ ಕನ್ನಡ ಹಾಗೇ ಉಳಿಯುತ್ತದೆ. ಪಿಎಚ್‌ಪಿಯಲ್ಲಿ ಜೆಸನ್_ಅನ್‌ಎಸ್ಕೇಪ್ಡ್_ಯುನಿಕೋಡ್ ಕೊಡಿ. ಗಿಟ್‌ನಲ್ಲಿ ಕೋರ್.ಕೋಟ್‌ಪಾತ್ ಅನ್ನು ಫಾಲ್ಸ್ ಮಾಡಿದರೆ ಫೈಲ್ ಹೆಸರು ಕನ್ನಡದಲ್ಲೇ ಕಾಣುತ್ತದೆ. ಜಾವಾದ ಪ್ರಾಪರ್ಟೀಸ್ ಫೈಲ್‌ಗಳಿಗೆ ಹಿಂದೆ \ಯು ಬರೆಯಲೇಬೇಕಿತ್ತು. ಜಾವಾ 9ರಿಂದ ರಿಸೋರ್ಸ್ ಬಂಡಲ್ ಆಗಿ ಓದುವಾಗ ಯುಟಿಎಫ್-8 ನಡೆಯುತ್ತದೆ. ಬದಲಿಸಿದ ಮೇಲೆ ಫೈಲನ್ನು ಯುಟಿಎಫ್-8 ಎಂದು ಹೇಳಿಯೇ ಬರೆಯಿರಿ, ಓದುವಾಗಲೂ ಹಾಗೇ ಹೇಳಿ. ಓದುವ ಕಡೆ ಆಸ್ಕಿ ಬಿಟ್ಟು ಬೇರೇನೂ ಒಪ್ಪದಿದ್ದರೆ \ಯು ರೂಪವನ್ನೇ ಇಟ್ಟುಕೊಳ್ಳಿ. ಅದರ ಪಾರ್ಸರ್ ಅಲ್ಲೇ ಬಿಡಿಸಿಕೊಳ್ಳುತ್ತದೆ.